ಗಡಿಯಮ್ಮ ಸರಿದ ಜಾಗ

ಮೂಡಲ ದಡ, ನಾಗತಿಪೇಟೆ
೧೪ ಫೆಬ್ರವರಿ ೨೦೨೫

ನಾಗತಿಪೇಟೆ ನಗರಸಭೆಯ ಮಾನ್ಯ ಅಧ್ಯಕ್ಷರಾದ ಶ್ರೀಮತಿ ಗಂಗಲಕ್ಷ್ಮಿಯವರ ಸನ್ನಿಧಾನಕ್ಕೆ,

ತಮ್ಮ ಫೋನು ಬಂದಿತ್ತು. ಎತ್ತಲಿಲ್ಲ. ಇನ್ನು ಮೇಲೂ ಎತ್ತುವುದಿಲ್ಲ. ತಮ್ಮ ಜೊತೆ ನನ್ನ ವ್ಯವಹಾರ ಏನಿದ್ದರೂ ಕಾಗದದ ಮೇಲೆ, ಅದೂ ತಮ್ಮ ಕಚೇರಿಯ ಟಪಾಲು ಕಿಟಕಿಯಲ್ಲಿ ಕೊಟ್ಟು, ಮೊಹರು ಹಾಕಿಸಿಕೊಂಡು. ಮನೆಯ ಮಾತಾಗಿದ್ದರೆ ಮನೆಯಲ್ಲಿ ಆಡಬಹುದಿತ್ತು. ಅದನ್ನು ಊರ ಮಾತು ಮಾಡಿದವರು ತಾವು.

ಸೋಮವಾರ ಬೆಳಿಗ್ಗೆ ತಮ್ಮ ಜೆಸಿಬಿ ಬಂದಾಗ ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. ಗರಗಸದ ಸದ್ದಿಗೆ ಹಸು ಒದ್ದು ತಂಬಿಗೆ ಉರುಳಿತು. ಓಡಿ ಹೋಗುವಷ್ಟರಲ್ಲಿ ಕೆರೆ ಕಡೆಯ ಸಾಲಿನ ಮೊದಲ ತೆಂಗಿನ ಮರ ನೆಲದ ಮೇಲಿತ್ತು. ತಮ್ಮ ಪರಿಸರ ಇಂಜಿನಿಯರ್ ಪವಿತ್ರಾ ಎಂಬ ಹುಡುಗಿ ನನ್ನ ಕೈ ಹಿಡಿದು, "ಅಮ್ಮಾ, ಇದು ಕೆರೆ ಅಂಗಳ ಕಣಮ್ಮ, ಸರ್ವೆ ಆಗೈತೆ, ನೋಟಿಸ್ ಕೊಟ್ಟಿದ್ದೀವಿ" ಅಂದಳು. ನೋಟಿಸು ಬಂದಿದ್ದು ನಿಜ. ನಮ್ಮ ಗಂಗೆಯೇ ಅಧ್ಯಕ್ಷೆ, ನಮ್ಮನ್ನು ಕೇಳದೆ ಏನು ಮಾಡಿಯಾಳು ಎಂದು ನಿಮ್ಮಣ್ಣ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೂ ನಿಜ.

ಮರಗಳ ತುಂಬ ಕಾಯಿ ಇತ್ತು. ಹೊಂಬಾಳೆ ಆಗಷ್ಟೇ ಒಡೆದಿತ್ತು. ಬಿದ್ದ ಮರದ ಎಳನೀರನ್ನು ತಮ್ಮ ಕೂಲಿಯವರು ಅಲ್ಲೇ ಕೊಚ್ಚಿ ಕುಡಿದರು. ಪಾಪ, ಒಳ್ಳೆಯವರು, ನನಗೂ ಒಂದು ತಂದುಕೊಟ್ಟರು.

ಮರುದಿನ ಪೇಪರಿನಲ್ಲಿ ತಮ್ಮ ಫೋಟೋ. 'ತವರಿನ ತೋಟಕ್ಕೇ ಗರಗಸ: ಕೆರೆ ಉಳಿಸಲು ನಿಂತ ಅಧ್ಯಕ್ಷೆ.' ಅದರ ಕೆಳಗೆ ನಮ್ಮ ಹೆಸರು, 'ಕೆರೆ ನುಂಗಿದವರು' ಎಂಬ ಪಟ್ಟಿಯಲ್ಲಿ ಮೊದಲನೆಯದಾಗಿ. ನಿಮ್ಮಣ್ಣ ಪಟ್ಟಿಯಲ್ಲಿದ್ದ ನಮ್ಮ ಹೆಸರನ್ನೂ ಗಮನಿಸದೆ, "ನಮ್ ಗಂಗೆ ಫೋಟೋ ಹೆಂಗ್ ಬಂದೈತೆ ನೋಡೇ" ಅಂತ ಕತ್ತರಿ ಹುಡುಕಿದರು. ಇಂಥ ಗಂಡನನ್ನು ಕಟ್ಟಿಕೊಂಡು ನಾನು ಸಿಟ್ಟು ಮಾಡಿಕೊಳ್ಳುವುದೂ ಒಂಟಿಯಾಗಿಯೇ ಆಗಿದೆ.

ಗಂಗಾ, ತಾವು ಗೀವು ಸಾಕು. ನಾನು ಈ ಮನೆಗೆ ಬಂದ ಹೊಸತರಲ್ಲಿ ಆ ಸಸಿಗಳನ್ನು ನೆಟ್ಟಾಗ ನೀನು ಲಂಗದ ಹುಡುಗಿ. ಬಿಂದಿಗೆ ಹೊತ್ತು ನನ್ನ ಹಿಂದೆ ಬರುತ್ತಿದ್ದೆ, ಅರ್ಧ ನೀರು ಸಸಿಗೆ, ಅರ್ಧ ನಿನ್ನ ಲಂಗಕ್ಕೆ. ಈ ವಾರದ ಸಂತೆಯಲ್ಲಿ ಜನ ನನ್ನನ್ನು ನೋಡಿ ಮಾತು ನಿಲ್ಲಿಸಿದರು. ನನ್ನನ್ನು ಕೆರೆಗಳ್ಳಿ ಮಾಡಿದ್ದೀಯ. ಆ ಹೆಸರು ತೊಳೆದುಕೊಳ್ಳುವವರೆಗೆ ನಾನು ಸುಮ್ಮನಿರುವುದಿಲ್ಲ. ನಾನು ನಿಂತು ನೋಡಿದ್ದನ್ನು ನೀನೂ ನಿಂತು ನೋಡಬೇಕು. ಅಲ್ಲಿಯವರೆಗೆ ನಿನ್ನನ್ನು ಬಿಡುವುದಿಲ್ಲ.

ಇಂತಿ,
ಪೇಪರಿನವರ ಪ್ರಕಾರ ಕೆರೆ ನುಂಗಿದ
ವಿಮಲಮ್ಮ

—

ನಗರಸಭೆ ಕಾರ್ಯಾಲಯ, ನಾಗತಿಪೇಟೆ
೩ ಮಾರ್ಚ್ ೨೦೨೫

ಅತ್ತಿಗೆಗೆ ಗಂಗಲಕ್ಷ್ಮಿ ಮಾಡುವ ನಮಸ್ಕಾರ.

ನಿಮ್ಮ ಕಾಗದ ಮೊಹರು ಹಾಕಿಸಿಕೊಂಡು, ನಂಬರು ಬಿದ್ದು, ನಾಲ್ಕಾರು ಮೇಜು ದಾಟಿ ನನ್ನ ಹತ್ತಿರ ಬಂತು. ಅಷ್ಟರಲ್ಲಿ ಕಚೇರಿಯವರೆಲ್ಲ ಓದಿದ್ದರು. ಓದಲಿ ಎಂದೇ ನೀವು ಅಲ್ಲಿ ಕೊಟ್ಟಿದ್ದು ಎಂದು ನನಗೂ ಗೊತ್ತು.

ಊರ ಬೋರ್‌ವೆಲ್‌ಗಳು ಈಗ ನೀರಿಗಿಂತ ಗಾಳಿಯನ್ನೇ ಹೆಚ್ಚು ಕೊಡುತ್ತಿವೆ. ನಾಗತಿ ಕೆರೆ ತುಂಬಿದರೆ ಮಾತ್ರ ಅವು ಬದುಕುವುದು. ಊರ ಚರಂಡಿಯೆಲ್ಲ ಆ ಕೆರೆಗೇ ಇಳಿಯುತ್ತಿತ್ತು. ಅದನ್ನು ಪೈಪಿಗೆ ತಿರುಗಿಸಿ ಶುದ್ಧೀಕರಣ ಘಟಕಕ್ಕೆ ಸೇರಿಸಲು ನಾನು ಯಾರ್ಯಾರ ಬಾಗಿಲಲ್ಲಿ ಕುಳಿತೆ ಎಂದು ಹೇಳುವುದಿಲ್ಲ. ಹೋಟೆಲು, ಕಲ್ಯಾಣಮಂಟಪಗಳ ಎಂಜಲೆಲೆ ಕೋಡಿಯಲ್ಲಿ ಬೀಳುತ್ತಿತ್ತು. ಈಗ ಅದಕ್ಕೆ ತೆಂಗಿನ ನಾರಿನ ಪುಡಿ ಬೆರೆಸಿ ಗೊಬ್ಬರ ಮಾಡುತ್ತಿದ್ದೇವೆ, ಅದನ್ನು ರೈತರು ತಾವಾಗಿಯೇ ಬಂದು ಒಯ್ಯುತ್ತಿದ್ದಾರೆ. ಇನ್ನು ಉಳಿದದ್ದು ಒತ್ತುವರಿ. ಆ ಮಾತು ಎತ್ತಿದ ಕೂಡಲೇ ಸಭೆಯಲ್ಲಿ ಒಬ್ಬೊಬ್ಬ ಸದಸ್ಯರಿಗೂ ಒಬ್ಬೊಬ್ಬ ನೆಂಟ ನೆನಪಾಗುತ್ತಾನೆ. ಒಬ್ಬರಂತೂ ಎದ್ದು ನಿಂತು, "ಮೊದ್ಲು ನಿಮ್ ತವರಿಂದು ಕಡ್ಸಿ ಮೇಡಂ, ಆಮೇಲ್ ನಮ್ ಕಡೀಗ್ ಬರ್ರಿ" ಅಂದರು. ಎಲ್ಲರೂ ನಕ್ಕರು. ನಾನು ಎದ್ದು ಹೋಗಬಹುದಿತ್ತು. ಸಹಿ ಹಾಕಿದೆ.

ಅಳತೆಯಲ್ಲಿ ಮೋಸವಿಲ್ಲ, ಅತ್ತಿಗೆ. ಕೆರೆಯ ಸುತ್ತ ಹಿಂದಿನವರು ಗಡಿ ಗುರುತಿಗೆ ನೆಟ್ಟಿದ್ದ ಬಾಂದು ಕಲ್ಲುಗಳಲ್ಲಿ ಮಿಕ್ಕವೆಲ್ಲ ಹೂಳಿನಲ್ಲಿ ಹೋಗಿವೆ. ಉಳಿದಿರುವುದು ಒಂದೇ, ಪಡುವಣ ದಡದ ಗಡಿಯಮ್ಮನ ಗುಡಿಯೊಳಗಿರುವ ಕಲ್ಲು. ಜನ ಕುಂಕುಮ ಹಚ್ಚಿ ದೇವರು ಮಾಡಿಕೊಂಡಿದ್ದರಿಂದ ಅದೊಂದು ಉಳಿಯಿತು. ಸರ್ವೆಯವರು ಅಲ್ಲಿಂದಲೇ ಹಳೆಯ ನಕ್ಷೆಯನ್ನು ಹಾಸಿ ಅಳೆದರು. ನಿಮ್ಮ ಸಾಲು ಕೆರೆಯೊಳಗೆ ಬಂತು.

ಮೊದಲು ನಮ್ಮ ಮನೆಯದು ಕಡಿಯದೆ ಬೇರೆಯವರ ಬಾಗಿಲಲ್ಲಿ ಹೋಗಿ ನಿಲ್ಲುವ ಮುಖ ನನಗಿರಲಿಲ್ಲ. ಇದನ್ನು ನಿಮಗೆ ಮೊದಲೇ ಬಂದು ಹೇಳಬೇಕಿತ್ತು. ಹೇಳಿದ್ದರೆ ಕಡಿಸಲು ಆಗುತ್ತಿರಲಿಲ್ಲ.

ಇಂತಿ ನಿಮ್ಮ,
ಗಂಗಾ

—

ಮೂಡಲ ದಡ
೨೧ ಏಪ್ರಿಲ್ ೨೦೨೫

ಗಂಗಾ,

'ನಮ್ಮ ಮನೆಯದು' ಅಂತ ಬರೆದಿದ್ದೀಯ. ಇದು ನಿನ್ನ ಮನೆಯಲ್ಲ, ನನ್ನ ಮನೆ. ನಿನ್ನ ಮನೆ ಪಡುವಣ ದಡದಲ್ಲಿದೆ. ಆ ದಡದ ತೋಟಕ್ಕೆ ಒಂದು ಕತ್ತಿಯೂ ತಾಗಿಲ್ಲ. ಬೇರೆಯವರ ಮರ ಕಡಿದು ತ್ಯಾಗಿ ಅನ್ನಿಸಿಕೊಳ್ಳುವುದು ಸುಲಭ, ಅಂಥ ತ್ಯಾಗವನ್ನು ನಾನೂ ದಿನಾ ಮಾಡಬಲ್ಲೆ.

ಈಗ ನಾನು ಬರೆಯುವುದನ್ನು ಕುಳಿತುಕೊಂಡು ಓದು.

ಶುಕ್ರವಾರ ಗಡಿಯಮ್ಮನ ಗುಡಿಗೆ ಹೋಗಿದ್ದೆ. ಏಕೆಂದು ಮುಚ್ಚಿಡುವುದಿಲ್ಲ. ನಿನಗೆ ಕೇಡಾಗಲಿ ಎಂದು ಹರಸಿಕೊಳ್ಳಲು ಹೋಗಿದ್ದೆ. ಹಣ್ಣುಕಾಯಿ ಹಿಡಿದು ಒಳಗೆ ಹೋದರೆ, ಗುಡಿ ಗುಡಿಸುತ್ತಾ ಇದ್ದವರು ಯಾರು? ನಿನ್ನ ಅತ್ತೆ ಭೈರಮ್ಮ. ನಾನು ಬಂದ ಉದ್ದೇಶ ಅವರಿಗೇನು ಗೊತ್ತು, ಬೀಗಿತ್ತಿ ಎಂಬ ವಿಶ್ವಾಸದಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಗಂಡನ ಭಕ್ತಿಯನ್ನು ಹೊಗಳತೊಡಗಿದರು.

ಗುಡಿಯ ಬಾಗಿಲ ಮೇಲೆ ಒಂದು ಕಲ್ಲಿನ ಫಲಕ ಇದೆ, ನೀನೂ ಸಾವಿರ ಸಲ ಓದಿರುತ್ತೀಯ: 'ಶ್ರೀ ಗಡಿಯಮ್ಮ ದೇವಿಯವರ ಪುನಃಪ್ರತಿಷ್ಠಾಪನೆ, ಶ್ರೀರಂಗಯ್ಯನವರ ಸೇವಾರ್ಥ.' ನಾನೂ ಓದಿದ್ದೆ. ಆ ದಿನ ಮಾತ್ರ, ಪ್ರತಿಷ್ಠಾಪನೆ ಸರಿ, ಈ 'ಪುನಃ' ಏಕೆ ಎಂದು ಸುಮ್ಮನೆ ಕೇಳಿದೆ.

"ಮೊದ್ಲು ಈಯಮ್ಮ ಇಲ್ಲಿರ್ಲಿಲ್ಲ ಕಣವ್ವಾ," ಅಂದರು ಭೈರಮ್ಮ. "ಅಗಾ, ಅಲ್ಲಿ ನಮ್ ತೋಟದ್ ನಡುಮಧ್ಯ ಬಿಸ್ಲಲ್ಲಿ ಒಬ್ಳೇ ನಿಂತಿದ್ಲು. ನಮ್ಮೆಜಮಾನ್ರ ಕನಸ್ಗೆ ಬಂದು, ನಂಗೆ ನೆಳ್ಳಿಲ್ಲ ಕಣಪ್ಪಾ, ನೀರ್ ಕಾಣೋ ಕಡೀಗ್ ಕರ್ಕಂಡೋಗು ಅಂದ್ಲಂತೆ. ಎತ್ತಿನ್ ಗಾಡೀಲಿ ತಂದು, ಸ್ವಂತ ಖರ್ಚಲ್ಲಿ ಗುಡಿ ಕಟ್ಸುದ್ರು. ಯಾರ್ ಮಾಡ್ತಾರೆ ಹೇಳು ಈಗಿನ್ ಕಾಲ್ದಲ್ಲಿ?"

ನಿಜ, ಯಾರೂ ಮಾಡುವುದಿಲ್ಲ. ದೇವರಿಗೆ ನೆರಳು ಸಿಕ್ಕಿತು, ನಿನ್ನ ಮಾವನಿಗೆ ತೋಟ ಸಿಕ್ಕಿತು.

ಅರ್ಥವಾಯಿತೇ, ಅಧ್ಯಕ್ಷೆ? ಗಡಿಯಮ್ಮ ಗಡಿಯಲ್ಲಿಲ್ಲ. ಅವಳನ್ನು ಗಾಡಿಯಲ್ಲಿ ಕೂರಿಸಿ ಕೆರೆಯೊಳಕ್ಕೆ ತಂದಿದ್ದಾರೆ. ಕಲ್ಲು ಮೂಡಲಿಗೆ ಎಷ್ಟು ಸರಿಯಿತೋ, ನಿಮ್ಮ ನಕ್ಷೆಯ ಕೆರೆಯೂ ಅಷ್ಟೇ ಮೂಡಲಿಗೆ ಸರಿಯಿತು. ಕಂಬಳಿಯನ್ನು ಒಂದು ಕಡೆಗೆ ಎಳೆದುಕೊಂಡ ಹಾಗೆ. ಆ ದಡದಲ್ಲಿ ನಿನ್ನ ಮಾವನ ತೋಟ ಕೆರೆಯಿಂದ ಹೊರಗೆ ಬಿತ್ತು, ಈ ದಡದಲ್ಲಿ ನನ್ನ ಮರಗಳು ಕೆರೆಯೊಳಗೆ ಹೋದವು. ಕೆರೆ ನುಂಗಿದವರು ಯಾರು ಎಂದು ಈಗ ನೀನೇ ಪೇಪರಿನವರಿಗೆ ಹೇಳು.

ಕಾಯಿಯನ್ನು ಒಡೆಯದೆ ಮನೆಗೆ ತಂದೆ. ಶಾಪ ಹಾಕುವ ಕೆಲಸ ಇನ್ನು ದೇವರಿಗೆ ಬೇಡ, ನಾನೇ ನೋಡಿಕೊಳ್ಳುತ್ತೇನೆ.

ಈ ಕಾಗದವನ್ನು ಬೇಕೆಂದೇ ನಿನ್ನ ಮನೆಯ ವಿಳಾಸಕ್ಕೆ ಹಾಕಿದ್ದೇನೆ. ಇದನ್ನೇ ಕಚೇರಿಯ ಕಿಟಕಿಯಲ್ಲಿ ಯಾವತ್ತು ಕೊಡುತ್ತೇನೆ ಎಂದು ಹೇಳುವುದಿಲ್ಲ. ಅಲ್ಲಿಯವರೆಗೆ ಟಪಾಲು ಬಂದಾಗಲೆಲ್ಲ ನಿನ್ನ ಎದೆ ಹೊಡೆದುಕೊಳ್ಳಬೇಕು. ಅದನ್ನು ನೆನೆಸಿಕೊಂಡೇ ನನಗೆ ಎರಡು ತುತ್ತು ಜಾಸ್ತಿ ಸೇರುತ್ತಿದೆ.

ಇಂತಿ,
ವಿಮಲಮ್ಮ

—

ನಗರಸಭೆ ಕಾರ್ಯಾಲಯ
೬ ಮೇ ೨೦೨೫

ಅತ್ತಿಗೆ,

ನಿಮ್ಮ ಕಾಗದವನ್ನು ಮಾವನವರು ಒಡೆದು ಓದಿದರು. ಆಮೇಲೆ ನನ್ನ ಕೈಗೆ ಕೊಟ್ಟು, ಒಲೆ ಉರಿಯುತ್ತಿದೆ ಎಂದು ಮಾತ್ರ ಹೇಳಿದರು. ನಾನು ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಇಲ್ಲಿಗೆ ಬಂದೆ.

ಮನೆಗೆ ಬರೆದದ್ದನ್ನು ಮನೆಯವರು ಸುಡಬಹುದು. ಕಚೇರಿಗೆ ಕೊಟ್ಟದ್ದನ್ನು ನಾನೂ ಸುಡಲಾರೆ. ನನ್ನನ್ನು ಹೆದರಿಸಲು ದಿನ ಕಾಯಬೇಡಿ. ಆಕ್ಷೇಪಣೆ ಕೊಡಲು ಈ ತಿಂಗಳ ಕೊನೆಯವರೆಗೆ ಮಾತ್ರ ಅವಕಾಶವಿದೆ. ಸರ್ವೆ ನಂಬರು ತಪ್ಪಾಗದಿರಲಿ. ಮಾವನವರ ಹೆಸರನ್ನು ಇನಿಷಿಯಲ್ ಸಮೇತ ಪೂರ್ತಿ ಬರೆಯಿರಿ, ಇಲ್ಲದಿದ್ದರೆ ಅದೇ ನೆಪದಲ್ಲಿ ಯಾರಾದರೂ ತಳ್ಳಿಹಾಕುತ್ತಾರೆ. ಬಾಗಿಲ ಮೇಲಿನ ಫಲಕದ ಫೋಟೋ ಲಗತ್ತಿಸಿ. ಬೇಗ ತೆಗೆಸಿಕೊಳ್ಳಿ. ಗುಡಿಗೆ ಸುಣ್ಣ ಹೊಡೆಸುವ ಮಾತು ಮನೆಯಲ್ಲಿ ನಡೆಯುತ್ತಿದೆ.

ಬರೆಯಲು ತೊಡಕಾದರೆ ಪವಿತ್ರಾ ಬಂದು ಸಹಾಯ ಮಾಡುತ್ತಾಳೆ. ನಾನು ಕಳಿಸಿದ್ದೆಂದು ಹೇಳುವುದಿಲ್ಲ.

ಇಂತಿ,
ಗಂಗಾ

—

ಮೂಡಲ ದಡ
೯ ಜುಲೈ ೨೦೨೫

ಗಂಗಾ,

ನಿನ್ನ ಕಾಗದ ಓದಿ ನನಗೆ ಮೈಯೆಲ್ಲ ಉರಿಯಿತು. ನನ್ನ ಸೇಡನ್ನೂ ನೀನೇ ಬಂದು ತಿದ್ದಿಕೊಡಬೇಕೇ? ಇನಿಷಿಯಲ್ ಹಾಕಿ, ಫೋಟೋ ಅಂಟಿಸಿ ಅಂತ ಮೇಷ್ಟರ ಹಾಗೆ! ಆದರೂ ಫೋಟೋ ತೆಗೆಸಿ ಆಕ್ಷೇಪಣೆ ಕೊಟ್ಟೆ. ನೀನು ಹೇಳಿದೆ ಎಂದಲ್ಲ, ಸುಣ್ಣದ ಮಾತು ಕೇಳಿ.

ಮೊನ್ನೆ ಮರುಸರ್ವೆಗೆ ನೀನು ಬರಲಿಲ್ಲ. ಅಧ್ಯಕ್ಷೆಯ ಮನೆಯ ವಿಷಯವಾದ್ದರಿಂದ ದೂರ ಇರಬೇಕಂತೆ, ಪವಿತ್ರಾ ಹೇಳಿದಳು. ನಾನಿದ್ದೆ. ಕೊಡೆ, ನೀರಿನ ಚೊಂಬು, ಎಲೆ ಅಡಿಕೆ ಸಮೇತ ಹೋಗಿ ಗುಡಿ ಎದುರಿನ ಕಟ್ಟೆಯ ಮೇಲೆ ನಾಟಕ ನೋಡುವ ಹಾಗೆ ಕುಳಿತಿದ್ದೆ. ನಿನ್ನ ಮಾವ ಶ್ರೀರಂಗಯ್ಯನವರು ಅಡ್ಡ ನಿಂತು, "ದೇವ್ರುನ್ನೇ ಅಳೀತೀರೇನ್ರಲಾ, ನಿಮ್ ವಂಶ ಉಳೀತದೇನ್ರಲಾ" ಅಂತ ಕೂಗಾಡಿದರು. ಸರ್ವೆಯವನು ಎಳೆಯ ಹುಡುಗನಲ್ಲ, ತಲೆ ನರೆತವನು. "ನಾವು ದೇವ್ರುನ್ನ ಅಳೀತಿಲ್ಲ ಯಜಮಾನ್ರೇ, ಅವ್ಳ ತವರುಮನೆ ಹುಡುಕ್ತಿದ್ದೀವಿ" ಅಂದ. ನಾನು ನಕ್ಕೆ. ಎಲ್ಲರಿಗೂ ಕೇಳುವ ಹಾಗೆ ನಕ್ಕೆ.

ತಹಶೀಲ್ದಾರರ ಎದುರಿನಲ್ಲಿ, ಭೈರಮ್ಮನವರು ನನಗೆ ಬೆರಳು ತೋರಿಸಿದ ಜಾಗದಲ್ಲೇ ಅಗೆದರು. ನಿಮ್ಮ ತೋಟದ ನಡುಮಧ್ಯ, ಮೊಳಕಾಲುದ್ದದ ಮಣ್ಣಿನ ಕೆಳಗೆ, ಕಲ್ಲು ಕಿತ್ತ ಗುಂಡಿ ಹಾಗೇ ಇತ್ತು. ಸುತ್ತ ಜಜ್ಜಿದ ಗಾರೆ, ಅದರಲ್ಲಿ ಕಲ್ಲಿನ ನಾಲ್ಕು ಮೂಲೆಯ ಅಚ್ಚು. ಅಲ್ಲಿಂದ ಅಳೆದಾಗ ನಕ್ಷೆಯ ಗೆರೆ ನಮ್ಮ ದಡದಲ್ಲಿ ನೀರು ಮುಟ್ಟುವ ಬಂಡೆಗೆ ಸರಿಯಾಗಿ ಹೋಗಿ ಕೂತಿತು. ನನ್ನ ಸಾಲು ಕೆರೆಯಿಂದ ಪೂರಾ ಹೊರಗೆ. ನಿನ್ನ ಮಾವನ ತೋಟ ಅರ್ಧಕ್ಕರ್ಧ ಕೆರೆಯೊಳಗೆ. ಆ ಮರಗಳಿಗೆ ಕೆಂಪು ಬಣ್ಣ ಹೊಡೆಯುತ್ತಾ ಹೋದರು. ಒಂದೊಂದು ಗುರುತು ಬಿದ್ದಾಗಲೂ ನನ್ನ ಎದೆ ತಣ್ಣಗಾಗುತ್ತಿತ್ತು.

ಭೈರಮ್ಮ ಮಾತ್ರ ಒಂದು ಮೂಲೆಯಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಿದ್ದರು. ಅವರ ಕಡೆ ನಾನು ನೋಡಲಿಲ್ಲ.

ಮನೆಗೆ ಬಂದು ಒಬ್ಬಟ್ಟು ಮಾಡಿದೆ. ಯಾವ ಹಬ್ಬ ಅಂತ ನಿಮ್ಮಣ್ಣ ಕೇಳಿದರು. ನನ್ನ ಹಬ್ಬ ಅಂದೆ.

ಇನ್ನು ನನ್ನದೊಂದೇ ಕೇಳಿಕೆ. ಆ ಮರ ಕಡಿಯುವ ದಿನ ನೀನು ತಿಪಟೂರಿನಲ್ಲಿ ಮೀಟಿಂಗು, ತುಮಕೂರಿನಲ್ಲಿ ಮೀಟಿಂಗು ಎಂದು ಓಡಬಾರದು. ಬುಡದಲ್ಲಿ ನಿಲ್ಲಬೇಕು. ಮರ ಬೀಳುವ ಸದ್ದು ಕೇಳಬೇಕು. ಕೂಲಿಯವರು ಎಳನೀರು ಕೊಟ್ಟರೆ ಕುಡಿಯಬೇಕು.

ಇಂತಿ,
ಕೆರೆಯನ್ನು ಎಂದೂ ನುಂಗದ
ವಿಮಲಮ್ಮ

—

ನಗರಸಭೆ ಕಾರ್ಯಾಲಯ
೨೮ ಆಗಸ್ಟ್ ೨೦೨೫

ಅತ್ತಿಗೆ,

ನಿಂತಿದ್ದೆ. ಎಳನೀರು ಕೊಟ್ಟರು. ಕುಡಿದೆ.

ಮಾವನವರ ತೋಟ ತೆರವಾದ ಮೇಲೆ ಬೇರೆ ಯಾರೂ ವಾದಿಸಲಿಲ್ಲ. ಮೂರು ದಿಕ್ಕಿನವರೂ ತಾವಾಗಿಯೇ ಬೇಲಿ ಕಿತ್ತುಕೊಂಡರು. ಸಭೆಯಲ್ಲಿ ನನ್ನ ತವರಿನ ಮಾತೆತ್ತಿದ್ದ ಸದಸ್ಯರು ತಮ್ಮ ಷೆಡ್ಡನ್ನು ರಾತ್ರೋರಾತ್ರಿ ಬಿಚ್ಚಿಸಿದ್ದಾರೆ. ಹೂಳು ತೆಗೆಯುವ ಕೆಲಸ ನಡೆದಿದೆ. ಚರಂಡಿ ನೀರು ಒಂದು ಹನಿಯೂ ಕೆರೆಗೆ ಬರುತ್ತಿಲ್ಲ, ಬೇಕಿದ್ದರೆ ನೀವೇ ಹೋಗಿ ಮೂಸಿ ನೋಡಬಹುದು.

ನಿಮ್ಮ ವಿಷಯವಾಗಿ ಸಭೆ ನಿರ್ಣಯ ಮಾಡಿದೆ. ಅಳತೆ ತಪ್ಪಾಗಿತ್ತು, ಜಾಗ ನಿಮ್ಮದು, ಪರಿಹಾರ ಕೊಡಬೇಕು ಎಂದು. ತೋಟಗಾರಿಕೆಯವರಿಂದ ಒಳ್ಳೆಯ ತಿಪಟೂರು ಟಾಲ್ ತೆಂಗಿನ ಸಸಿಗಳನ್ನು ತರಿಸಿದ್ದೇನೆ. ಬುಡಗಳನ್ನು ಕಿತ್ತು ನೆಲ ಹಸನು ಮಾಡಿಕೊಡಲು ಜೆಸಿಬಿ ಯಾವತ್ತು ಕಳಿಸಲಿ ಎಂದು ತಿಳಿಸಿ.

ಮನೆಯ ವಿಚಾರ ಬರೆಯುವುದಿಲ್ಲ. ನಿಮ್ಮ ಮರಗಳ ವಿಚಾರದಲ್ಲಿ ನಾನು ಮಾಡಿದ್ದು ತಪ್ಪು. ಇದನ್ನು ನಿರ್ಣಯದಲ್ಲಿ ಬರೆಯಲು ಬರುವುದಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಇಂತಿ,
ಗಂಗಾ

—

ಮೂಡಲ ದಡ
೧೫ ಸೆಪ್ಟೆಂಬರ್ ೨೦೨೫

ಗಂಗಾ,

ಪೇಪರು ನೋಡಿದೆ. 'ಮಾವನ ತೋಟವನ್ನೂ ಬಿಡದ ದಿಟ್ಟೆ.' ಈ ಸಲ ಫೋಟೋ ಇನ್ನೂ ದೊಡ್ಡದು. ನಾನು ಎಸೆದ ಕಲ್ಲೆಲ್ಲ ನಿನ್ನ ಕೊರಳಿಗೆ ಹಾರವಾಗಿ ಬೀಳುತ್ತಿದೆಯಲ್ಲೇ! ನಾವು ಕೆರೆ ನುಂಗಿಲ್ಲ ಎಂಬ ಸುದ್ದಿ ಎಲ್ಲಿತ್ತು ಗೊತ್ತೇ? ಒಳಪುಟದಲ್ಲಿ, ಬೋರ್‌ವೆಲ್ ಮೋಟಾರು ರಿಪೇರಿ ಜಾಹೀರಾತಿನ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದ ಅಕ್ಷರದಲ್ಲಿ. ಸಂತೆಯಲ್ಲಿ ಮೊನ್ನೆಯೂ ಒಬ್ಬಳು, "ನಿಮ್ದೂ ಒತ್ತುವರಿ ಆಗಿತ್ತಲ್ವಾ ಅಕ್ಕಾ, ಪಾಪ" ಅಂದಳು. ಬೈಸಿಕೊಳ್ಳುವುದಕ್ಕಿಂತ ಈ ಪಾಪ ಕೆಟ್ಟದ್ದು.

ನಿನ್ನ ಪರಿಹಾರ ಬೇಡ. ಸಸಿ ಬೇಡ. ಸಸಿ ಕಾಯಿ ಬಿಡುವಷ್ಟರಲ್ಲಿ ಊರು ಎಲ್ಲವನ್ನೂ ಮರೆತಿರುತ್ತದೆ. ಅದೇ ತಾನೇ ನಿನಗೆ ಬೇಕಿರುವುದು?

ನನಗೆ ಬೇಕಿರುವುದು ಇದು. ಬುಡಗಳನ್ನು ಕೀಳಬಾರದು. ಒಂದೂ ಕೀಳಬಾರದು. ಕೆರೆ ಸುತ್ತ ಜನ ಓಡಾಡಲು ದಾರಿ ಮಾಡುತ್ತೀರಂತೆ. ಮಾಡಿ, ನನ್ನ ಜಾಗದಲ್ಲೇ ಹಾಯಿಸಿ, ಬುಡಗಳ ಪಕ್ಕದಲ್ಲೇ. ಬರೆದು ಕೊಡುತ್ತೇನೆ. ಅಲ್ಲೊಂದು ಬೋರ್ಡು ಹಾಕಬೇಕು, ಈ ಮರಗಳು ಕೆರೆಯ ಜಾಗದಲ್ಲಿರಲಿಲ್ಲ, ವಿಮಲಮ್ಮನ ಸ್ವಂತ ಜಾಗದಲ್ಲಿದ್ದವು, ನಗರಸಭೆ ತಪ್ಪಾಗಿ ಕಡಿಯಿತು ಎಂದು. ದೊಡ್ಡ ಅಕ್ಷರದಲ್ಲಿ. ಕೆಳಗೆ ನಿನ್ನ ಹೆಸರು. ವಾಕಿಂಗಿಗೆ ಬಂದವರೆಲ್ಲ ಓದಲಿ. ಮಕ್ಕಳು ಓದಲಿ. ನಿನ್ನ ಅಧಿಕಾರ ಮುಗಿದ ಮೇಲೂ ಅದು ಅಲ್ಲೇ ಇರಲಿ.

ಇದಾದರೆ ನನ್ನ ಲೆಕ್ಕ ಚುಕ್ತಾ.

ಇಂತಿ,
ವಿಮಲಮ್ಮ

—

ನಗರಸಭೆ ಅತಿಥಿಗೃಹ, ಮಹಡಿ ಕೋಣೆ
೨೦ ಅಕ್ಟೋಬರ್ ೨೦೨೫

ಅತ್ತಿಗೆ,

ಬೋರ್ಡು ನಿಂತಿದೆ. ನೀವು ನೋಡಿಯೇ ಇರುತ್ತೀರಿ. ಸದಸ್ಯರು ಒಪ್ಪಲಿಲ್ಲ. ನಗರಸಭೆಯೇ ತನ್ನ ಮುಖಕ್ಕೆ ಮಸಿ ಬಳಿದುಕೊಂಡ ಉದಾಹರಣೆ ಎಲ್ಲಿದೆ ಎಂದು ಕೇಳಿದರು. ಎರಡು ಸಭೆ ಹಿಡಿಯಿತು. ಗುಮಾಸ್ತರು ಬರೆದುಕೊಟ್ಟ ಕರಡಿನಲ್ಲಿ 'ಕಣ್ತಪ್ಪಿನಿಂದ ಕಡಿಯಲಾಯಿತು' ಎಂದಿತ್ತು. ಅದನ್ನು ಹೊಡೆದು 'ನನ್ನ ಆದೇಶದಿಂದ' ಎಂದು ಮಾಡಿದೆ.

ಮಳೆ ಚೆನ್ನಾಗಿ ಆಗಿದೆ. ಕೆರೆ ಕೋಡಿ ಬೀಳಲು ಇನ್ನು ಗೇಣುದ್ದ ಬಾಕಿ. ಬರುವ ವಾರ ಕೆರೆಗೆ ಬಾಗಿನ. ಅಣ್ಣನೂ ನೀವೂ ಬರಬೇಕು.

ಮೇಲಿನ ವಿಳಾಸಕ್ಕೇ ಬರೆಯಿರಿ. ಇಲ್ಲಿ ಕಾಗದ ಒಡೆದು ಓದುವವರಿಲ್ಲ.

ಇಂತಿ,
ಗಂಗಾ

—

ಮೂಡಲ ದಡ
೩ ನವೆಂಬರ್ ೨೦೨೫

ಗಂಗಾ,

ಬಾಗಿನಕ್ಕೆ ನಾವು ಬರಲಿಲ್ಲ. ನಿಮ್ಮಣ್ಣ ಮಡಿ ಪಂಚೆ ಉಟ್ಟು ಹೊರಟೇಬಿಟ್ಟಿದ್ದರು, ನಾನೇ ಕೂರಿಸಿದೆ. ಆದರೆ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಗಂಡ ಹೆಂಡತಿ ಜೊತೆಗೆ ನಿಂತು ಬಿಡುವ ಬಾಗಿನ ಅದು. ನೀನೊಬ್ಬಳೇ ಮೊರ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ನಿನ್ನ ಗಂಡ ರಂಗರಾಜು ಇರಲಿಲ್ಲ. ನಿನ್ನ ಅತ್ತೆ ಮಾವ ಇರಲಿಲ್ಲ. ಹಿಂದೆ ಪವಿತ್ರಾ ಕೊಡೆ ಹಿಡಿದುಕೊಂಡಿದ್ದಳು. ಮೊರ ನೀರಿಗೆ ಬಿಟ್ಟ ಮೇಲೂ ಅದು ತೇಲಿ ಹೋಗುವುದನ್ನೇ ನೋಡುತ್ತಾ ನಿಂತಿದ್ದೆ.

ನಿನ್ನ ಕಾಗದದ ಮೇಲಿದ್ದ ವಿಳಾಸವನ್ನು ನಾನು ನಿಮ್ಮಣ್ಣನಿಗೆ ತೋರಿಸಲಿಲ್ಲ. ಆಮೇಲೆ ಊರವರೇ ಹೇಳಿದರು. ನಿನ್ನ ಮಾವನ ಮರ ಬಿದ್ದ ದಿನವೇ ನಿನ್ನ ಸೂಟ್‌ಕೇಸು ಜಗುಲಿಯ ಮೇಲಿತ್ತಂತೆ. ಅಂದರೆ ಎಳನೀರು ಕುಡಿದೆ ಅಂತ ನನಗೆ ಬರೆದಾಗಲೂ ನೀನು ಆ ಮಹಡಿ ಕೋಣೆಯಲ್ಲೇ ಇದ್ದೆ.

ನೀನು ಬೀದಿಗೆ ಬೀಳಲಿ ಎಂದು ಬಯಸಿದವಳು ನಾನೇ. ಬಿದ್ದೆ. ನನಗೆ ಸಂತೋಷವಾಗಬೇಕಿತ್ತು. ಸುಳ್ಳು ಹೇಳುವುದಿಲ್ಲ, ಅರ್ಧ ಆಗಿದೆ. ಉಳಿದರ್ಧ ನಿದ್ದೆ ಕೆಡಿಸುತ್ತಿದೆ. ಅದಕ್ಕೂ ನಿನ್ನ ಮೇಲೇ ಸಿಟ್ಟು.

ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಕ್ಷಮಿಸಿಲ್ಲ. ಆದರೆ ಹೋಟೆಲಿನ ಪಾರ್ಸೆಲ್ ಊಟ ತಿಂದು ನೀನು ಕಾಯಿಲೆ ಬಿದ್ದರೆ ನಾನು ಯಾರ ಮೇಲೆ ಹಗೆ ಸಾಧಿಸುವುದು? ಸಂಜೆ ಕಚೇರಿ ಮುಗಿಸಿ ಊಟಕ್ಕೆ ಇಲ್ಲಿಗೆ ಬಾ. ದಿನಾ ಬಾ. ಕಾರಿನಲ್ಲಿ ಬರಬೇಡ, ಕೆರೆ ದಾರಿಯಲ್ಲಿ ನಡೆದುಕೊಂಡು, ಬೋರ್ಡು ಓದಿಕೊಂಡು ಬಾ. ನಿಮ್ಮಣ್ಣ ಮಾತಾಡಿಸುತ್ತಾರೆ, ಅವರಿಗೆ ಬುದ್ಧಿ ಇಲ್ಲ. ನಾನು ಮಾತಾಡುವುದಿಲ್ಲ.

ನಿನ್ನ ತಟ್ಟೆಯನ್ನು ಕೆರೆ ಕಡೆಯ ಕಿಟಕಿಗೆ ಇಡುತ್ತೇನೆ. ಅಲ್ಲಿಂದ ಬುಡಗಳೆಲ್ಲ ಚೆನ್ನಾಗಿ ಕಾಣುತ್ತವೆ. ಅವನ್ನು ನೋಡುತ್ತಲೇ ಉಣ್ಣಬೇಕು. ಮುದ್ದೆ ಸಾಕಾಗದಿದ್ದರೆ ಬಾಯಿಬಿಟ್ಟು ಕೇಳು, ಹಸಿದುಕೊಂಡು ಏಳಬೇಡ.

ಇಂತಿ,
ನಿನ್ನ ಅತ್ತಿಗೆ
ವಿಮಲಮ್ಮ